ವಂಶಾವಳಿಗೆ ನನ್ನದೊಂದು ಸಹಿ

ತವರುಮನೆಯವರು ಪಂಚಮಿ ಬಿಟ್ಟು ಬೇರೆ ಯಾವ ದಿನ ಕರೆದರೂ ಹೆಣ್ಣುಮಕ್ಕಳು ಚಾಳೀಸು, ಅಂದರೆ ಓದುವ ಕನ್ನಡಕ, ತೆಗೆದುಕೊಂಡು ಹೋಗಬೇಕು. ಅರವತ್ತೊಂದು ವರ್ಷ ಬದುಕಿ, ಅದರಲ್ಲಿ ಮೂವತ್ತನಾಲ್ಕು ವರ್ಷ ಬೇರೆಯವರ ಮಕ್ಕಳಿಗೆ ಬುದ್ಧಿ ಹೇಳಿ, ಕೊನೆಗೆ ಸ್ವಂತಕ್ಕೆಂದು ನಾನು ಸಂಪಾದಿಸಿದ ಬುದ್ಧಿ ಇದೊಂದೇ. ಪಂಚಮಿಗೆ ಕರೆದರೆ ಭಯವಿಲ್ಲ. ಅದು ಮೊದಲಿನಿಂದ ನಡೆದು ಬಂದದ್ದು. ಜೋಕಾಲಿ, ಅರಳು, ಉಂಡಿ, ಕೊಬ್ಬರಿ-ಕುಬಸ, ಎರಡು ದಿನ ಇದ್ದು ಬಂದರಾಯಿತು. ಆದರೆ ಕಡಲೆ, ಜೋಳ ಕೀಳುವ ಸುಗ್ಗಿಯಲ್ಲಿ, ಮನೆಯವರಿಗೇ ಕೂತು ಉಣ್ಣಲು ಪುರಸತ್ತು ಇಲ್ಲದ ಕಾಲದಲ್ಲಿ "ಅಕ್ಕಾ, ನಿನ್ನ ಉಡಿ ತುಂಬಬೇಕಂತ ಮಾಡೇವಿ, ಬಾ" ಎಂದು ಫೋನು ಬಂತೆಂದರೆ ಆ ಕರೆಯ ಹಿಂದೆ ಒಂದು ಕಾಗದ ಇರುತ್ತದೆ, ಕಾಗದದ ಬುಡದಲ್ಲಿ ಒಂದು ಖಾಲಿ ಜಾಗ ಇರುತ್ತದೆ. ಇದು ನಮ್ಮ ಕಡೆಯ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಫೋನಿಟ್ಟ ಕೂಡಲೇ ತಲೆಗೆ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳಲು ಕೂತೆ ಎಂಬುದನ್ನು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ.

ಮೊದಲು ನನ್ನ ಪರಿಚಯ ಹೇಳಿಬಿಡಬೇಕು, ಏಕೆಂದರೆ ನಾನು ಇದ್ದೇನೆಯೋ ಇಲ್ಲವೋ ಎಂಬುದೇ ಇಲ್ಲಿಯ ತಕರಾರು. ಸಿಂದಗಿಗೆ ಬಂದು ಗೌರಮ್ಮ ಟೀಚರ್ ಮನೆ ಎಲ್ಲಿ ಎಂದು ಕೇಳಿದರೆ ಬಸ್ ಸ್ಟ್ಯಾಂಡಿನ ಬಾಳೆಹಣ್ಣಿನವನೂ ತೋರಿಸುತ್ತಾನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಾನು ಮಾಡಿದ ಪಾಠ ಯಾರಿಗೂ ನೆನಪಿಲ್ಲ, ನನ್ನ ಅಕ್ಷರ ಮಾತ್ರ ಎಲ್ಲರಿಗೂ ನೆನಪಿದೆ. ದುಂಡಗೆ, ಒಂದೇ ಎತ್ತರಕ್ಕೆ, ಗೆರೆಯಿಲ್ಲದ ಹಾಳೆಯಲ್ಲೂ ಗೆರೆ ಹಿಡಿದಂತೆ ಬರುತ್ತವೆ. ಬಳಗದಲ್ಲಿ ಯಾರಿಗೆ ಅರ್ಜಿ ಬೇಕಾದರೂ, ಯಾರ ಮದುವೆಯ ಪತ್ರಿಕೆಯ ಕರಡು ಆಗಬೇಕಾದರೂ ನನ್ನ ಹತ್ತಿರ ಬಂದು ಒಂದು ಕಪ್ ಚಹಾ ಕುಡಿದು ಬರೆಸಿಕೊಂಡು ಹೋಗುತ್ತಾರೆ. ಚಹಾವೂ ನನ್ನದೇ. ಒಂದಿಷ್ಟು ಹೊಗಳಿದರೆ ಹಾಳೆಯ ಅಂಚಿಗೆ ಹೂಬಳ್ಳಿಯನ್ನೂ ಬರೆದುಕೊಡುತ್ತೇನೆ. ನಮ್ಮ ಮನೆಯವರು ಇದಕ್ಕೆ ಸೊಕ್ಕು ಎನ್ನುತ್ತಾರೆ. ಅಂದರೆ ಬಾಯಿಬಿಟ್ಟು ಹೇಳುವುದಿಲ್ಲ, ಮುಖದಲ್ಲಿ ತೋರಿಸುತ್ತಾರೆ. ಅವರು ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದವರು. ಇಡೀ ಜನ್ಮದ ಮಾತನ್ನು ಮೈಕಿನಲ್ಲಿ ಬಸ್ಸಿನ ಹೆಸರು ಕೂಗಿ ಖರ್ಚು ಮಾಡಿದ್ದರಿಂದ ಮನೆಗೆ "ಹೂಂ" ಎಂಬುದೊಂದೇ ಉಳಿದಿದೆ.

ನನ್ನ ತಮ್ಮ ಈರಣ್ಣ ದೇವಣಗಾಂವದಲ್ಲಿ ಅಪ್ಪನ ಹನ್ನೊಂದು ಎಕರೆ ನೋಡಿಕೊಂಡಿದ್ದಾನೆ. ಅವ್ವ ಹೋಗಿ ಬಹಳ ವರ್ಷ, ಅಪ್ಪ ಹೋಗಿ ಆರು ವರ್ಷ. ಅವತ್ತು ಅವನೇ ಬಾಡಿಗೆಯ ಜೀಪು ಮಾಡಿಕೊಂಡು ನನ್ನ ಬಾಗಿಲಿಗೆ ಬಂದು ನಿಂತ. ನಾನು ನಲವತ್ತು ವರ್ಷ ತವರಿಗೆ ಹೋದದ್ದು ಆಲಮೇಲದ ಬಸ್ಸಿನಲ್ಲಿ ನಿಂತುಕೊಂಡು. ಚೊಚ್ಚಲ ಹೆರಿಗೆಗೆ ಹೋಗುವಾಗ ಕಂಡಕ್ಟರನು ಕೂರಲು ತನ್ನ ಸೀಟು ಕೊಟ್ಟದ್ದೇ ನನಗೆ ಸಿಕ್ಕ ದೊಡ್ಡ ಮರ್ಯಾದೆ. ಅಂಥ ನನಗೆ ಜೀಪು ಕಂಡಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಓಣಿಯವರು ಚೆನ್ನಾಗಿ ನೋಡಲಿ ಎಂದು ಬೇಕೆಂದೇ ಎರಡು ನಿಮಿಷ ತಡ ಮಾಡಿ ಹತ್ತಿದೆ. ಆ ಗಡಿಬಿಡಿಯಲ್ಲಿ ಚಾಳೀಸು ಟಿ.ವಿ.ಯ ಮೇಲೆ ಉಳಿಯಿತು.

ಊಟಕ್ಕೆ ಹೂರಣದ ಹೋಳಿಗೆ, ಕಟ್ಟಿನ ಸಾರು, ಎಣ್ಣೆಬದನೆಕಾಯಿ. ತುಪ್ಪವನ್ನು ಚಮಚದ ತುದಿಯಲ್ಲಿ ತೋರಿಸಿ ಒಳಗಿಡುವ ನನ್ನ ತಮ್ಮ ಅವತ್ತು ತಂಬಿಗೆಯನ್ನೇ ಬಗ್ಗಿಸಿದ. ಊಟವಾದ ಮೇಲೆ ಅವನ ಹೆಂಡತಿ ನೀಲವ್ವ ಕಂಬಳಿ ಹಾಸಿ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಬೆಲ್ಲದಚ್ಚು, ಮೇಲೊಂದು ಇಳಕಲ್ಲ ಸೀರೆ. ಗಿಣಿಹಸಿರು ಒಡಲು, ಕೆಂಪು ಸೆರಗು. ನನ್ನ ಕಣ್ಣಲ್ಲಿ ನೀರು ಬಂತು. ಅವ್ವ ಹೋದ ಮೇಲೆ ತವರು ಮುಗಿಯಿತು ಎನ್ನುತ್ತಾರಲ್ಲ, ಎಂಥ ಸುಳ್ಳು ಎಂದುಕೊಂಡು ಸೀರೆಯ ಮೇಲೆ ಕೈಯಾಡಿಸಿದರೆ ಮಡಿಕೆಯ ಕೆಳಗೆ ಏನೋ ಸರಸರ ಎಂದಿತು. ಸೀರೆಯ ಕಂಪನಿಯ ಚೀಟಿ ಇರಬೇಕೆಂದು ತೆಗೆದೆ. ಪಿನ್ನು ಹೊಡೆದ ಹಸಿರು ಬಾಂಡ್ ಕಾಗದವಾಗಿತ್ತು.

"ಅದೇನಿಲ್ಲಕ್ಕಾ, ಒಂದ ಸಹಿ ಮಾಡಿಬಿಡು. ಅಪ್ಪನ ಹೆಸರಿನ ಹೊಲಕ್ಕ ವಾರಸಾ ಹಚ್ಚಬೇಕಲ್ಲ, ಅದರ ವಂಶಾವಳಿ," ಎಂದ ಈರಣ್ಣ. ಸತ್ತವರ ಹೆಸರು ತೆಗೆದು ಇದ್ದವರ ಹೆಸರು ಹಚ್ಚುವುದು ವಾರಸಾ. ಅದಕ್ಕೆ ಮೊದಲು ಸತ್ತವರಿಗೆ ಯಾರು ಯಾರು ಇದ್ದಾರೆಂದು ಗಿಡದಂತೆ ಗೆರೆ ಎಳೆದು ತೋರಿಸಿ, ಊರಿನ ಐವರು ಪಂಚರ ಸಹಿ ಹಾಕಿಸಿ ಕೊಡುವ ಕಾಗದ ವಂಶಾವಳಿ. ಈರಣ್ಣ ಮುಂದುವರಿಸಿದ: "ನಾ ಇರೂತನಕ ಇಬ್ಬರೂ ಹುಡುಗರಿಗೆ ವಾಟ್ನಿ ಮಾಡಿಬಿಡತೇನಿ. ನಾ ಹೋದ ಮ್ಯಾಲ ಅವರು ಬಾಂದಿಗೆ ಬಡದಾಡಬಾರದು. ಮುಂದಿನ ವಿಚಾರ ಮನಷ್ಯಾ ಈಗ ಮಾಡಬೇಕು ನೋಡ." ಪಾಲು ಹಂಚುವ ವಿಷಯದಲ್ಲಿ ನನ್ನ ತಮ್ಮನಿಗೆ ಇಷ್ಟು ದೂರದೃಷ್ಟಿ ಇದೆಯೆಂದು ಕೇಳಿ ಹೆಮ್ಮೆಯಾಯಿತು. ಚಿಕ್ಕವನಿದ್ದಾಗ ಅವನಿಗೆ ಅ ಆ ತಿದ್ದಿಸಿದವಳು ನಾನೇ. ಓದಿ ಸಹಿ ಮಾಡುತ್ತೇನೆ ಎಂದೆ. "ಓದೂದೇನೈತಿ, ನಿನ್ನ ಚಾಳೀಸ ಬ್ಯಾರೆ ಇಲ್ಲ," ಎಂದ. ಅವನ ಅಂಗಿಯ ಕಿಸೆಯಲ್ಲಿದ್ದ ಚಾಳೀಸನ್ನೇ ತೆಗೆದು ಹಾಕಿಕೊಂಡೆ.

ಮೇಲೆ ಅಪ್ಪನ ಹೆಸರು. ಅಲ್ಲಿಂದ ಕೆಳಗೆ ಎರಡು ಗೆರೆ. ಒಂದು ಗೆರೆಯ ತುದಿಗೆ ಈರಣ್ಣ, ಅವನ ಕೆಳಗೆ ಅವನ ಇಬ್ಬರು ಮಕ್ಕಳು. ಇನ್ನೊಂದು ಗೆರೆಯ ತುದಿಗೆ ಶಿವಪ್ಪ. ಶಿವಪ್ಪ ನನಗಿಂತ ಮೊದಲು ಹುಟ್ಟಿ ಮೂರು ತಿಂಗಳಿಗೆ ತೀರಿಕೊಂಡ ನಮ್ಮ ಅಣ್ಣ. ಅವನ ಹೆಸರಿನ ಮುಂದೆ "ಮೃತ, ಅವಿವಾಹಿತ" ಎಂದು ಬರೆದಿತ್ತು. ಕೂಸಿನ ಮದುವೆಯ ವಿಚಾರವನ್ನೂ ಬಿಡದೆ ದಾಖಲು ಮಾಡಿದವರು ನನ್ನ ವಿಚಾರಕ್ಕೆ ಬಂದಾಗ ಗೆರೆಯನ್ನೇ ಎಳೆದಿರಲಿಲ್ಲ. ಕೆಳಗೆ, "ಮೇಲೆ ತೋರಿಸಿದವರನ್ನು ಬಿಟ್ಟು ಮೃತರಿಗೆ ಬೇರೆ ಯಾರೂ ವಾರಸುದಾರರು ಇರುವುದಿಲ್ಲ, ಇದು ಪಂಚರಾದ ನಮಗೆ ಖುದ್ದು ಗೊತ್ತಿರುತ್ತದೆ" ಎಂದಿತ್ತು. ಅದರ ಕೆಳಗೆ ಪಂಚರ ಸಾಲು. ನಾಲ್ಕು ಸಹಿ ಆಗಿದ್ದವು. ಐದನೆಯದರ ಮುಂದೆ ಟೈಪು ಮಾಡಿತ್ತು: ಶ್ರೀಮತಿ ಗೌರಮ್ಮ, ನಿವೃತ್ತ ಶಿಕ್ಷಕಿ, ಸಿಂದಗಿ.

ಒಂದು ಸಲ ಓದಿದೆ. ಚಾಳೀಸು ನನ್ನದಲ್ಲ, ಅದಕ್ಕೆ ಹೀಗೆ ಕಾಣುತ್ತಿರಬೇಕೆಂದು ಒರೆಸಿಕೊಂಡು ಇನ್ನೊಂದು ಸಲ ಓದಿದೆ.

"ಈರಣ್ಣ, ನಾ ನಿನಗ ಏನಾಗಬೇಕೋ?"

"ಅಕ್ಕ. ಯಾಕ ಹಿಂಗ ಕೇಳಾಕತ್ತಿ?"

"ಅಪ್ಪಗ ಏನಾಗಬೇಕು?"

"ಮಗಳು."

"ಹಂಗಾದ್ರ ಇದರಾಗ ನಾ ಎಲ್ಲಿ ಅದೇನಿ, ತೋರಸು."

ಅವನು ತಡವರಿಸಲಿಲ್ಲ. ಪಂಚರ ಐದನೆಯ ಅಂಕಿಯ ಮೇಲೆ ಬೆರಳಿಟ್ಟ. "ಇಲ್ಲಿ ಅದೀ ನೋಡ. ಹೆಸರ ಮುಂದ ನಿವೃತ್ತ ಶಿಕ್ಷಕಿ ಅಂತನೂ ಹಾಕಿಸೇನಿ."

ಆಮೇಲೆ ಸಮಾಧಾನವಾಗಿ, ನನಗೆ ಲೆಕ್ಕ ಕಲಿಸುವವನ ಹಾಗೆ ಬಿಡಿಸಿ ಹೇಳಿದ. ಹೊಲದ ದಾಖಲೆ ನೋಡಿಕೊಳ್ಳುವ ಊರಿನ ತಲಾಠಿ ನನ್ನ ಶಿಷ್ಯನಂತೆ. ಕಾಗದ ನೋಡಿದವನೇ, "ಟೀಚರ್ ಹೆಸರಿಲ್ಲಲ್ರಿ, ಅವರ ಸಹಿ ಇಲ್ಲದ ನಾ ಇದನ್ನ ಮುಂದ ಕಳಸೂದಿಲ್ಲ" ಎಂದನಂತೆ. (ಆ ಹುಡುಗನಿಗೆ ಹತ್ತನೆಯ ಇಯತ್ತೆಯಲ್ಲಿ ನಾನು ಕಡಿಮೆ ಅಂಕ ಕೊಟ್ಟಿದ್ದೆ. ಈಗ ಅನಿಸುತ್ತದೆ, ಇನ್ನೈದು ಕೊಡಬೇಕಾಗಿತ್ತು.) "ಹೆಸರ ಹಾಕಿದ್ರ ಮತ್ತ ನೀ ಹಕ್ಕ ಬಿಟ್ಟಂಗ ಒಂದ ಪತ್ರ ಮಾಡಬೇಕು, ರಜಿಸ್ಟರ್ ಆಫೀಸಿಗೆ ಅಡ್ಡಾಡಬೇಕು, ನಿನಗೂ ತ್ರಾಸ. ಅದಕ್ಕ ಬಾಂಡ್ ಬರಿಯಾಂವ ಒಂದ ಹಾದಿ ಹೇಳಿದ. ಪಂಚರಾಗ ಸಹಿ ಮಾಡಿದ್ರ ನಿನ್ನ ಹೆಸರೂ ಬಂತು, ಸಹಿನೂ ಬಂತು, ಕೆಲಸಾನೂ ಆತು." ನನ್ನ ತೊಂದರೆ ತಪ್ಪಿಸಲು ನನ್ನನ್ನೇ ತಪ್ಪಿಸಿದ್ದರು. ನಾನು ಹುಟ್ಟಿಯೇ ಇಲ್ಲವೆಂದು ನಾನೇ ಖುದ್ದು ಬಲ್ಲೆನೆಂದು ನಾನೇ ಬರೆದುಕೊಡಬೇಕು. ಇಂಥ ಯೋಚನೆ ಹೊಳೆಯಬೇಕಾದರೆ ಅವನ ತಲೆಯಲ್ಲಿ ಎಷ್ಟು ತುಪ್ಪ ಇಳಿದಿರಬೇಕು.

ಉಳಿದ ನಾಲ್ವರು ಪಂಚರ ಸಹಿಗಳನ್ನು ನೋಡಿ ಹೊಟ್ಟೆ ಇನ್ನಷ್ಟು ಉರಿಯಿತು. ಮೊದಲನೆಯ ಸಹಿ ಚಂದ್ರಾಮಪ್ಪ ಕಾಕಾನದು. ನನ್ನ ಮದುವೆಗೆ ಹಂದರ ಹಾಕಿದವನು ಅವನೇ. ಮದುವೆಯ ಬುಂದಿಯನ್ನು ಮೂರು ಸಲ ನೀಡಿಸಿಕೊಂಡದ್ದನ್ನು ನಾನು ಬಾಸಿಂಗದ ಸಂದಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಯಾರ ಮದುವೆಯ ಬುಂದಿ ಅದು ಎಂದು ಈಗ ಹೋಗಿ ಕೇಳಬೇಕೆನಿಸಿತು. ಶಿವಪ್ಪನ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಮೂರು ತಿಂಗಳು ಬದುಕಿದ ಕೂಸು. ಆದರೆ ಮೂರು ತಿಂಗಳು ಅತ್ತು ಹೋದವನಿಗೆ ಒಂದು ಗೆರೆ, ಅಪ್ಪನ ಪಂಪ್‌ಸೆಟ್ಟಿನ ಕರೆಂಟಿಗೆ ಹನ್ನೆರಡು ಅರ್ಜಿ ಬರೆದವಳಿಗೆ ಗೆರೆಯಿಲ್ಲ.

"ಹೆಣ್ಣಮಕ್ಕಳ ಹೆಸರ ಇಲ್ಲಿ ಹಾಕೂದಿಲ್ಲಕ್ಕಾ," ಎಂದ ಈರಣ್ಣ, ನನ್ನ ಮುಖ ನೋಡಿ. "ಅವು ಗಂಡನ ಮನಿ ವಂಶಾವಳಿಯೊಳಗ ಇರತಾವು. ಪದ್ಧತಿ ಹಂಗ ಐತಿ."

ಅಷ್ಟರಲ್ಲಿ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ನೀಲವ್ವ, "ನನ್ನ ಹೆಸರೂ ಇಲ್ಲರಿ ಅಕ್ಕಾರ ಅದರಾಗ. ನಮ್ಮ ತವರಿಂದೂ ನೋಡೇನಿ, ಅಲ್ಲೂ ಇಲ್ಲ. ಹೋಳಿಗಿ ಮಾಡೂ ಮುಂದ ಅಷ್ಟ ನಾ ಇರತೇನಿ," ಎಂದು ಮೊರದ ಕಡಲೆಯನ್ನು ಒಮ್ಮೆ ಜೋರಾಗಿ ಕೇರಿ ಒಳಗೆ ಹೋದಳು. ಈರಣ್ಣ ಅದು ಕೇಳಿಸದವನಂತೆ ಪೆನ್ನಿನ ಟೊಪ್ಪಿಗೆ ತೆಗೆದು ನನ್ನ ಮುಂದೆ ಹಿಡಿದ. ನಾನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, "ಮನಿಗೆ ಒಯ್ದು ಓದಿ ನೋಡ್ತೇನಿ" ಎಂದೆ. ಜೀಪು ಬೇಡವೆಂದು ಬಸ್ಸಿಗೆ ಬಂದೆ. ಬಸ್ಸಿನಲ್ಲಿ ನಿಂತುಕೊಂಡೇ ಬಂದೆ, ಸೀಟು ಖಾಲಿ ಇದ್ದರೂ. ಸೀರೆಯನ್ನು ತಿರುಗಿ ಕೊಟ್ಟೆಯಾ ಎಂದು ನೀವು ಕೇಳಬಾರದು. ಸೀರೆಗೂ ಸಹಿಗೂ ಏನೂ ಸಂಬಂಧವಿಲ್ಲ, ಮೇಲಾಗಿ ಗಿಣಿಹಸಿರು ಬಣ್ಣ ನನ್ನ ಹತ್ತಿರ ಇರಲಿಲ್ಲ.

ನನಗೆ ಹೊಲ ಬೇಕಾಗಿತ್ತೇ ಎಂದರೆ, ದೇವರಾಣೆಗೂ ಇಲ್ಲ. ನಮ್ಮಿಬ್ಬರಿಗೆ ಪಿಂಚಣಿ ಬರುತ್ತದೆ, ಇದ್ದೊಬ್ಬ ಮಗಳು ಇಂಡಿ ಊರಿನಲ್ಲಿ ತನ್ನ ಸಂಸಾರದಲ್ಲಿದ್ದಾಳೆ. ಅಪ್ಪ ಹೋದ ದಿನವೇ ಮನಸ್ಸಿನಲ್ಲಿ ಅದನ್ನು ಈರಣ್ಣನಿಗೆ ಬಿಟ್ಟುಕೊಟ್ಟಿದ್ದೆ. ಅವನು ನನ್ನ ಹೆಸರು ಬರೆದು, "ಅಕ್ಕಾ, ಇದನ್ನ ಬಿಟ್ಟುಕೊಡು" ಎಂದು ಕೇಳಿದ್ದರೆ ಕಣ್ಣುಮುಚ್ಚಿ ಸಹಿ ಮಾಡುತ್ತಿದ್ದೆ. ಬಿಟ್ಟುಕೊಡುವುದರಲ್ಲಿ ಒಂದು ದೊಡ್ಡಸ್ತಿಕೆ ಇದೆ. ನನಗೂ ಅಂಥದೊಂದು ದೊಡ್ಡಸ್ತಿಕೆ ಸಿಗಬೇಕಿತ್ತು. ಆದರೆ ಬಿಟ್ಟುಕೊಡಬೇಕಾದರೆ ಮೊದಲು ಇರಬೇಕಲ್ಲ. ಇಲ್ಲದವಳು ಏನನ್ನು ಬಿಡಬೇಕು? ಈಗ ಕೇಳಿದರೆ ಕೊಡುತ್ತೇನೆಯೇ ಎಂಬುದು ಬೇರೆ ಮಾತು. ಬಸ್ಸಿನ ಕಿಟಕಿಯಿಂದ ಹೊಳೆಯ ದಂಡೆಯ ಕಬ್ಬು ನೋಡುತ್ತ ಬಂದದ್ದರಿಂದ ಮನಸ್ಸು ಸ್ವಲ್ಪ ಗಟ್ಟಿಯಾಗಿದೆ.

ಸಿಂದಗಿಗೆ ಬಂದ ಮೇಲೆ ಎಂಟು ದಿನ ಇದೇ ಮಾತು. ಸಿಕ್ಕವರಿಗೆಲ್ಲ ಹೇಳಿದೆ. ಹೇಳಿದಷ್ಟೂ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಥೆ ಹೊರಬಿತ್ತು. ನನ್ನ ಜೊತೆ ಕೆಲಸ ಮಾಡಿದ ಇಂಡಿಯ ಗೆಳತಿಯೊಬ್ಬಳಿದ್ದಾಳೆ. ಅವಳ ಅಪ್ಪ ನಿಂಬೆಗಿಡಗಳನ್ನೆಲ್ಲ ನಾಲ್ವರು ಗಂಡುಮಕ್ಕಳಿಗೆ ಹಂಚಿ, ಮಗಳಿಗೆ ಪ್ರತಿ ವರ್ಷ ಒಂದು ಭರಣಿ ಉಪ್ಪಿನಕಾಯಿ ಮುಟ್ಟಿಸಬೇಕೆಂದು ಬಾಯಿಮಾತಿನಲ್ಲಿ ಹೇಳಿ ಕಣ್ಣು ಮುಚ್ಚಿದನಂತೆ. ಎರಡು ವರ್ಷ ಉಪ್ಪಿನಕಾಯಿ ಬಂತು. ಮೂರನೆಯ ವರ್ಷ ಅಣ್ಣಂದಿರು ಭರಣಿ ತಿರುಗಿ ಕೇಳಿ ಕಳಿಸಿದರು. ಮುದ್ದೇಬಿಹಾಳದ ಕಡೆಯ ನಮ್ಮ ಹೆಡ್‌ಮಾಸ್ತರರೊಬ್ಬರದು ಇನ್ನೊಂದು ತರಹ. ಮಕ್ಕಳು ಜಗಳಾಡಬಾರದೆಂದು ಮೃತ್ಯುಪತ್ರ ಬರೆಯಲು ಕೂತು, ಯಾವ ಮಗ ಆ ವಾರ ದವಾಖಾನೆಗೆ ಕರೆದುಕೊಂಡು ಹೋದನೋ ಅವನಿಗೆ ಮನೆ ಎಂದು ಬರೆದರು. ಅವರಿಗೆ ಸಕ್ಕರೆ ಕಾಯಿಲೆ, ವಾರವಾರ ದವಾಖಾನೆ. ಹೀಗೆ ಐದು ಮೃತ್ಯುಪತ್ರ ಆದವು. ಈಗ ಆ ಮನೆಯ ಕೀಲಿ ವಕೀಲರ ಹತ್ತಿರ ಇದೆ, ಮಕ್ಕಳು ಬಾಡಿಗೆಯ ಮನೆಯಲ್ಲಿದ್ದಾರೆ. ಇವನ್ನೆಲ್ಲ ಕೇಳಿ ನನಗೆ ಸಮಾಧಾನವೇನೂ ಆಗಲಿಲ್ಲ. ಅವರೆಲ್ಲರೂ ಕಡೆಗೆ ಕಾಗದದಲ್ಲೋ ಬಾಯಿಮಾತಿನಲ್ಲೋ ಇದ್ದರು, ಉಪ್ಪಿನಕಾಯಿಗೆ ವಾರಸುದಾರರಾಗಿಯಾದರೂ ಇದ್ದರು.

ಒಂಬತ್ತನೆಯ ದಿನ ತಹಶೀಲ್ದಾರರಿಗೆ ತಕರಾರು ಅರ್ಜಿ ಬರೆಯಲು ಕೂತೆ. ಮೂರು ಹಾಳೆ. ನನ್ನ ಜೀವಮಾನದಲ್ಲಿ ಅಂಥ ಅರ್ಜಿ ಬರೆದಿರಲಿಲ್ಲ. "ಜೀವಂತ ಇರುವ ಹೆಣ್ಣುಮಗಳನ್ನು ಕಾಗದದ ಮೇಲೆ ಅಳಿಸುವುದು ಅಮಾನುಷವಾದುದು" ಎಂಬ ಸಾಲನ್ನು ಬರೆದು ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಕೊನೆಗೆ, "ಇಂಥ ವಂಶಾವಳಿಗಳನ್ನು ಬರೆಯುವವರು ಯಾರೇ ಇರಲಿ, ಅವರ ಮೇಲೆ ಸೂಕ್ತ ಕ್ರಮ ಕೈಗೊಂಡು ಉಳಿದವರಿಗೆ ಪಾಠವಾಗುವಂತೆ ಮಾಡಬೇಕಾಗಿ ವಿನಂತಿ" ಎಂದು ಮುಗಿಸಿದೆ. ನಮ್ಮ ಮನೆಯವರನ್ನು ಎದುರಿಗೆ ಕೂರಿಸಿ ಮೊದಲಿನಿಂದ ಕಡೆಯವರೆಗೆ ಓದಿದೆ. ಅವರು ಕೇಳಿದರು. ಹಾಳೆ ಇಸಿದುಕೊಂಡು ನೋಡಿದರು.

"ಅಕ್ಷರ ಭಾಳ ಚಂದ ಬಂದಾವು," ಎಂದರು. ಹಾಳೆ ತಿರುಗಿ ಕೊಡುತ್ತ, "ಆ ಕೊನೀ ಸಾಲು ಬೇಕೇನ?" ಎಂದರು.

"ಅದಿಲ್ಲದ ಅರ್ಜಿಯೊಳಗ ಏನೈತ್ರಿ? ಬರದಾಂವನ್ನ ಬಿಟ್ಟಬಿಡಬೇಕೇನು?"

"ಹೂಂ," ಎಂದು ಎದ್ದು ಪೇಪರು ತರಲು ಹೋದರು. ಗಂಡಸರೆಲ್ಲ ಒಂದೇ, ಬಾಂಡ್ ಬರೆಯುವವನ ಪರ ವಹಿಸುತ್ತಾರೆ ಎಂದು ನಾನು ಅವರ ಬೆನ್ನಿಗೆ ಹೇಳಿದೆ.

ಅರ್ಜಿ ಕಳಿಸುವ ಮೊದಲೇ ಕಾಶವ್ವ ಬಂದಳು. ಕಾಶವ್ವ ನಮ್ಮ ಮನೆಯವರ ತಂಗಿ, ನಾಲತವಾಡಕ್ಕೆ ಕೊಟ್ಟಿದೆ. ಸಿಂದಗಿಯಲ್ಲಿ ಅವಳ ಕಡೆಯವರ ಮದುವೆ ಇತ್ತು, ಎರಡು ದಿನ ನಮ್ಮಲ್ಲೇ ಉಳಿದಳು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಮಾತು ಕಡಿಮೆ, ಅಣ್ಣನ ಹಾಗೆಯೇ. ಮೊನ್ನೆ ಮೊನ್ನೆ ಕಣ್ಣು ತೋರಿಸಿಕೊಂಡು ಹೊಸ ಚಾಳೀಸು ಮಾಡಿಸಿಕೊಂಡಿದ್ದಳು. ನನಗೆ ಕೇಳುವವಳೊಬ್ಬಳು ಸಿಕ್ಕಳು. ರೊಟ್ಟಿ ತಟ್ಟುತ್ತ ಪೂರ್ತಿ ಕಥೆ ಹೇಳಿದೆ, ಜೀಪಿ‌ನಿಂದ ಹಿಡಿದು ಶಿವಪ್ಪನ ಅವಿವಾಹದವರೆಗೆ. ಅವಳು ರೊಟ್ಟಿಯನ್ನು ಶೇಂಗಾ ಹಿಂಡಿಗೆ ಅದ್ದಿ ತಿನ್ನುತ್ತ ಕೇಳಿದಳು. "ಅನ್ಯಾಯ ಅಲ್ಲೇನವಾ?" ಎಂದೆ. "ಹೌದ್ರಿ ವೈನಿ," ಎಂದಳು. ಕೈತೊಳೆದುಕೊಂಡು ಬಂದು ಚಾಳೀಸು ಹಾಕಿಕೊಂಡು ನನ್ನ ಅರ್ಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಅಕ್ಷರ ನಿಮ್ಮವ ಅಲ್ರಿ?"

"ನನ್ನವ. ಮತ್ಯಾರವು?"

"ಗುರುತ ಸಿಕ್ಕುವು. ನಮ್ಮಪ್ಪ ಹೋದಾಗ ನಮ್ಮ ಸಣ್ಣ ಅಣ್ಣ ವಂಶಾವಳಿ ಹಿಡಕೊಂಡು ನಾಲತವಾಡಕ್ಕ ಬಂದಿದ್ದ, ನಮ್ಮ ಮನಿಯಾವ್ರ ಸಹಿ ಬೇಕಂತ. ಹಿಂಗ ಇದ್ದುವು, ಮುತ್ತು ಪೋಣಿಸಿದಂಗ. ಮನಿಯಾವ್ರು ಪಂಚರ ಜಾಗಾದಾಗ ಸಹಿ ಮಾಡಿದ್ರು. ನನ್ನ ಹೆಸರ ಎಲ್ಲೈತಿ ಅಂತ ಕೇಳಿದೆ. ಟೀಚರ್ ಬರದಾರ, ತಪ್ಪ ಇರೂದಿಲ್ಲ ಬಿಡು ಅಂದ್ರು." ಅರ್ಜಿಯನ್ನು ಹಾಳೆಗೆ ಹಾಳೆ ಕೂಡಿಸಿ ಮೇಜಿನ ಮೇಲೆ ಇಟ್ಟಳು. "ಆಗ ನನಗ ಚಾಳೀಸ ಇರಲಿಲ್ರಿ. ಕಣ್ಣಿಗೆ ಕಾಣವೊಲ್ದೇನೋ ಅಂತ ತಿಳಕೊಂಡೆ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಟ್ರಂಕು ಎಳೆಯುವ ಸದ್ದು ಬಂತು. ನಮ್ಮ ಮನೆಯವರು ಒಂದು ಹಳೆಯ ಝೆರಾಕ್ಸ್ ತಂದು ಅರ್ಜಿಯ ಪಕ್ಕದಲ್ಲಿ ಇಟ್ಟು, ಯಾರ ಮುಖವನ್ನೂ ನೋಡದೆ ಹೊರಗಿನ ಕಟ್ಟೆಗೆ ಹೋಗಿ ಕೂತರು.

ನೆನಪಾಯಿತು. ಹದಿನಾಲ್ಕು ವರ್ಷದ ಹಿಂದಿನ ಮಾತು. ಮಾವ ತೀರಿಕೊಂಡ ಮೇಲೆ ಬಸವನ ಬಾಗೇವಾಡಿಯ ಕಡೆಯ ಅವರ ಹೊಲಕ್ಕೆ ವಾರಸಾ ಆಗಬೇಕಿತ್ತು. ಬಾಂಡ್ ಬರೆಯುವವನ ಅಕ್ಷರ ಹೊಲಸು, ನಾನೇ ಬರೆಯುತ್ತೇನೆ ತರ್ರಿ ಎಂದು ಮೈದುನನ ಕೈಯಿಂದ ಕಸಿದುಕೊಂಡಿದ್ದೆ. ಮಾದರಿಗೆಂದು ಅವನು ಮಗ್ಗಲು ಮನೆಯವರದೊಂದು ವಂಶಾವಳಿ ತಂದಿದ್ದ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಇರಲಿಲ್ಲ, ನಾನೂ ಹಾಕಲಿಲ್ಲ. ಕಾಶವ್ವನನ್ನು ಬಿಡಿರಿ ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ಪಕ್ಕದವನದು ನೋಡಿ ಬರೆದ ಹುಡುಗರನ್ನು ಮೂವತ್ತನಾಲ್ಕು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವಳು, ಪಕ್ಕದ ಮನೆಯ ತಪ್ಪನ್ನು ಸ್ಕೇಲು ಹಿಡಿದು ನಕಲು ಮಾಡಿದ್ದೆ.

ಝೆರಾಕ್ಸಿನಲ್ಲಿ ಎಲ್ಲ ಚೊಕ್ಕವಾಗಿ ಕಾಣುತ್ತಿತ್ತು. ಮೇಲೆ ಮಾವ, ಕೆಳಗೆ ಇಬ್ಬರು ಗಂಡುಮಕ್ಕಳು. ಗಿಡ ತುಂಬಿದಂತೆ ಕಾಣಲಿ ಎಂದೋ ಏನೋ, ನಮ್ಮ ಮನೆಯವರ ಹೆಸರಿನ ಪಕ್ಕ ನನ್ನ ಹೆಸರನ್ನೂ ಬರೆದಿದ್ದೆ, ಮುಂದೆ ಬಿ.ಎ., ಬಿ.ಎಡ್. ಎಂದು. ಹೆಣ್ಣುಮಕ್ಕಳ ಹೆಸರು ಗಂಡನ ಮನೆಯ ವಂಶಾವಳಿಯಲ್ಲಿ ಇರುತ್ತದೆ ಎಂದ ಈರಣ್ಣ ಸುಳ್ಳು ಹೇಳಿರಲಿಲ್ಲ. ಕಾಶವ್ವನ ಹೆಸರನ್ನು ಈಗಲಾದರೂ ಎಲ್ಲಿ ಸೇರಿಸಬಹುದೆಂದು ನೋಡಿದೆ. ಬಲಗಡೆ ಮೂರನೆಯ ಗೆರೆಗೆ ಬೇಕಾದಷ್ಟು ಜಾಗ ಇತ್ತು. ಅಲ್ಲಿ ನಾನು ಮೇಲಿನಿಂದ ಕೆಳಗಿನವರೆಗೆ ಹೂಬಳ್ಳಿ ಬರೆದಿದ್ದೆ. ಒಂದೊಂದು ಹೂವಿಗೆ ಐದೈದು ಎಸಳು.

ಈ ಹದಿನಾಲ್ಕು ವರ್ಷ ಕಾಶವ್ವ ಪ್ರತಿ ಪಂಚಮಿಗೆ ಬಂದಿದ್ದಾಳೆ, ನಾನು ಕೊಟ್ಟ ಕೊಬ್ಬರಿ-ಕುಬಸ ಕಣ್ಣಿಗೆ ಒತ್ತಿಕೊಂಡು ಹೋಗಿದ್ದಾಳೆ. ಒಂದು ಮಾತು ಆಡಿಲ್ಲ. ಮೊದಲು ನನಗೆ ನಾಚಿಕೆಯಾಯಿತು. ನಾಚಿಕೆಯಾದ ಐದು ನಿಮಿಷಕ್ಕೆ ಅವಳ ಮೇಲೆ ಸಿಟ್ಟೂ ಬಂತು, ಅವತ್ತೇ ಹೇಳಬಾರದಿತ್ತೇ ಎಂದು. ನಮ್ಮ ಮನೆಯವರ ಮೇಲೆ ಇನ್ನಷ್ಟು ಬಂತು. ಮೂರು ಹಾಳೆ ಓದುವವರೆಗೆ ಕೂತು ಕೇಳಿ, ಕೊನೆಯ ಸಾಲು ಬೇಕೇನ ಎಂದಷ್ಟೇ ಕೇಳಿದ ಮನುಷ್ಯ. ಅರ್ಜಿ ತೆಗೆದುಕೊಂಡು ಆ ಕೊನೆಯ ಸಾಲನ್ನು ಹೊಡೆದು ಹಾಕಿದೆ. ಹೊಡೆದ ಗೆರೆ ಕೂಡ ಡೊಂಕಾಗಲಿಲ್ಲ, ಅಷ್ಟು ಹಾಳು ರೂಢಿ.

ಮರುದಿನ ಕಾಶವ್ವ ಮದುವೆಗೆ ಹೋಗಿ ಬರುವಷ್ಟರಲ್ಲಿ ಹೊಸ ವಂಶಾವಳಿ ಬರೆದು ಮುಗಿಸಿದ್ದೆ. ಮಾವನಿಂದ ಮೂರು ಗೆರೆ. ಮೂರನೆಯ ಗೆರೆಯ ತುದಿಗೆ ಕಾಶವ್ವ, ಎಲ್ಲರಿಗಿಂತ ಸ್ವಲ್ಪ ದಪ್ಪ ಅಕ್ಷರದಲ್ಲಿ. ಬಳ್ಳಿ ಇಲ್ಲ, ಬಿ.ಎ., ಬಿ.ಎಡ್. ಇಲ್ಲ. ಮೊದಲಿನದು ತಪ್ಪಿದೆ, ತಿದ್ದಬೇಕು ಎಂಬ ಅರ್ಜಿಯನ್ನೂ ಅದಕ್ಕೆ ಪಿನ್ನು ಹೊಡೆದೆ. ತಿದ್ದುಪಡಿಗೆ ಅವಳ ಸಹಿಯೂ ಬೇಕಲ್ಲ, ಆ ಜಾಗ ಬುಡದಲ್ಲಿ ಬಿಟ್ಟಿದ್ದೆ. ಸಂಜೆ ಅವಳು ನಾಲತವಾಡಕ್ಕೆ ಹೊರಟಾಗ ಬರಿಗೈಲಿ ಕಳಿಸಲು ಮನಸ್ಸು ಬರಲಿಲ್ಲ. ಕಂಬಳಿ ಹಾಸಿದೆ. ಅಕ್ಕಿ, ಕೊಬ್ಬರಿ, ಉತ್ತತ್ತಿ, ಬೆಲ್ಲದಚ್ಚು ತಂದು ಉಡಿ ತುಂಬಿದೆ. ಅಂಗಡಿಗೆ ಹೋಗಲು ಹೊತ್ತಿರಲಿಲ್ಲ, ಆ ಗಿಣಿಹಸಿರು ಸೀರೆಯನ್ನೇ ಮೇಲಿಟ್ಟೆ. ಇಡುವ ಮೊದಲು ಸೆರಗಿನ ಮೇಲೆ ಒಮ್ಮೆ ಕೈಯಾಡಿಸಿದೆ, ಆದರೂ ಇಟ್ಟೆ. ಅದರ ಮೇಲೆ ಕಾಗದ ಇಟ್ಟೆ.

ಕಾಶವ್ವ ಸೀರೆ ನೋಡಿದಳು. ಕಾಗದ ನೋಡಿದಳು. ಹೊರಗಿನ ಬಾಗಿಲ ಕಡೆ ನೋಡಿದಳು, ಜೀಪು ನಿಂತಿದೆಯೋ ಎಂಬಂತೆ. ಆಮೇಲೆ ಚೀಲದಿಂದ ಹೊಸ ಚಾಳೀಸು ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡಳು.

"ಸಹಿ ಎಲ್ಲಿ ಮಾಡಬೇಕ್ರಿ ವೈನಿ?"

ಇದು ಅಂಥದ್ದಲ್ಲವಾ, ಇದರಾಗ ನಿನ್ನ ಹೆಸರ ಐತಿ ನೋಡ, ಎಂದು ನಾನು ಬೆರಳಿಟ್ಟು ತೋರಿಸಿದೆ. ಬೆರಳಿಟ್ಟ ಮೇಲೆ, ಹೀಗೇ ಬೆರಳಿಟ್ಟು ತೋರಿಸಿದ ಇನ್ನೊಬ್ಬರ ನೆನಪಾಗಿ ಕೈ ಹಿಂದೆ ತೆಗೆದುಕೊಂಡೆ. ಅವಳು ಒಂದೊಂದೇ ಅಕ್ಷರ ಕೂಡಿಸಿಕೊಂಡು ಮೊದಲಿನಿಂದ ಕಡೆಯವರೆಗೆ ಓದಿದಳು. ಇನ್ನೊಂದು ಸಲ ಓದಿದಳು. ನಾನು ಪೆನ್ನಿನ ಟೊಪ್ಪಿಗೆ ತೆಗೆದು ಹಿಡಿದು ನಿಂತೇ ಇದ್ದೆ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, "ಮನಿಗೆ ಒಯ್ದು ಓದಿ ನೋಡ್ತೇನ್ರಿ" ಎಂದು ಎದ್ದಳು. ಸೀರೆಯನ್ನೂ ಒಯ್ದಳು.

ಅದಾಗಿ ಹದಿನೈದು ದಿನ, ತಹಶೀಲ್ದಾರರಿಗೆ ಬರೆದ ಅರ್ಜಿ ಇನ್ನೂ ಮೇಜಿನ ಮೇಲೇ ಇದೆ. ಈರಣ್ಣ ದಿನಾ ಬೆಳಿಗ್ಗೆ ಫೋನು ಮಾಡಿ ನನ್ನ ಸಹಿ ಕೇಳುತ್ತಾನೆ. ಮೊದಲು ಹೆಸರು ಹಾಕು, ಆಮೇಲೆ ಸಹಿಯ ಮಾತು ಎನ್ನುತ್ತೇನೆ. ನಾನು ದಿನಾ ಸಂಜೆ ನಾಲತವಾಡಕ್ಕೆ ಫೋನು ಮಾಡುತ್ತೇನೆ. ಇನ್ನಾ ಓದಾಕತ್ತೇನ್ರಿ ವೈನಿ ಎನ್ನುತ್ತಾಳೆ ಕಾಶವ್ವ. ಎರಡೇ ಹಾಳೆ, ಅದೂ ನನ್ನ ಅಕ್ಷರ. ಸ್ವಂತ ಅಣ್ಣನ ಹೆಂಡತಿಯ ಮೇಲೆ ಇಷ್ಟೂ ವಿಶ್ವಾಸ ಇಲ್ಲವೆಂದರೆ ಯಾರಿಗಾದರೂ ಸಿಟ್ಟು ಬರುತ್ತದೆಯೋ ಇಲ್ಲವೋ, ನೀವೇ ಹೇಳಿರಿ.